ಹಗ್ಗದ ಆಚೆ

ತುಮಕೂರು
೨೩ ನವೆಂಬರ್ ೧೯೮೬

ಪ್ರೀತಿಯ ದಾಕ್ಷಾಯಣಿ,

"ಬೇಲಿ ತೆಗೆದ ಹೊಲದಲ್ಲಿ ದಾರಿ ತಾನೇ ಮೂಡುತ್ತದೆ." ಈ ಸಾಲು ಮೂರು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. ಮೈಸೂರಿನ ಹಾಸ್ಟೆಲಿನಲ್ಲಿ ನಾವು ತರುತ್ತಿದ್ದ ಕೈಬರಹದ ಪತ್ರಿಕೆಗೆ ನೀನು ಬರೆದ ಪದ್ಯದ್ದಲ್ಲವೇ? ಮುಂದಿನ ಸಾಲು ನೆನಪಿಗೆ ಬರುತ್ತಿಲ್ಲ. ಇದಾದರೂ ಹೀಗೇ ಇತ್ತೇ ಅನ್ನುವುದೂ ಖಾತ್ರಿಯಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ನಾವಿಬ್ಬರೂ ಇದನ್ನು ನಂಬಿದ್ದೆವು. ದಾರಿ ಯಾವತ್ತಾದರೂ ತಾನಾಗಿ ಮೂಡಿದ್ದನ್ನು ನೀನು ನೋಡಿದ್ದೀಯಾ?

ನಿನ್ನ ಮೂರು ಕಾಗದಗಳಿಗೆ ಉತ್ತರಿಸಲಿಲ್ಲ. ಬರೆಯಲು ಕೂತಾಗಲೆಲ್ಲ ಎದ್ದುಬಿಡುತ್ತಿದ್ದೆ, ಕೋಪ ಮಾಡಿಕೊಳ್ಳಬೇಡ. ಧಾರವಾಡದ ಚಳಿಗೆ ನಿನ್ನ ಮಂಡಿನೋವು ಹೇಗಿದೆ? "ಇವರು ರಿಟೈರಾದ ಮೇಲೆ ಉಪ್ಪಿಟ್ಟು ಕಲಿಯುತ್ತಿದ್ದಾರೆ" ಅಂತ ಬರೆದಿದ್ದೆ. ಗಂಟಾಗದ ಹಾಗೆ ಮಾಡಿದ ದಿನ ನನಗೂ ತಿಳಿಸು. ನಾನು ಒಂಟಿ ಹೆಂಗಸು, ಗಂಟಾದರೂ ತಿನ್ನುತ್ತೇನೆ, ಕೇಳುವವರಿಲ್ಲ.

ಸಂತೆ ಕಚೇರಿ ಏನಾಯಿತು ಅಂತ ಪ್ರತಿ ಕಾಗದದಲ್ಲೂ ಕೇಳಿದ್ದೀಯ. ಮುಚ್ಚಿತು ಕಣೇ.

ಶುರುವಾದಾಗ ನಿನಗೆ ಎಂಟು ಪುಟ ಬರೆದಿದ್ದೆ. ವಿಧವಾ ವೇತನಕ್ಕೆ ಅರ್ಜಿ ಹಾಕಲು ಹಳ್ಳಿಯ ಹೆಂಗಸರು ಕೆಲಸ ಬಿಟ್ಟು ಬಸ್ಸು ಹತ್ತಿ ನಮ್ಮ ಕಚೇರಿಗೆ ಬರುವುದು, ಇವತ್ತು ಸಾಹೇಬರಿಲ್ಲ ಅನ್ನಿಸಿಕೊಂಡು ವಾಪಸ್ ಹೋಗುವುದು, ಅರ್ಜಿ ಬರೆದುಕೊಡುವ ದಲ್ಲಾಳಿಗಳು ಅವರ ಹಿಂದೆ ಬೀಳುವುದು, ಇದನ್ನೆಲ್ಲ ನೋಡಿ ಸಾಕಾಗಿ, ಕಚೇರಿಯೇ ಸಂತೆಗೆ ಹೋಗಲಿ ಅಂತ ಒಂದು ಟಿಪ್ಪಣಿ ಬರೆದೆ. ಆಶ್ಚರ್ಯ, ಮಂಜೂರಾಯಿತು. ಅಮೃತೂರಿನ ಸಂತೆಯ ದಿನ ಹೊಂಗೆಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ, ನಾನು, ಗುಮಾಸ್ತ ಷಡಕ್ಷರಿ. ಸೈಕಲ್ ಶಾಪಿನವನ ಹತ್ತಿರ ತಗಡು ಕತ್ತರಿಸಿ ನಂಬರ್ ಕೊರೆಸಿದ ಬಿಲ್ಲೆಗಳು. ಬಿಲ್ಲೆಯ ನಂಬರಿನ ಪ್ರಕಾರ ಸರದಿ. ಅವರು ಯಾವ ಕಾಗದವನ್ನೂ ತರಬೇಕಿಲ್ಲ. ಗಂಡನ ಹೆಸರು, ಊರು ಹೇಳಿದರೆ ಸಾಕು, ಸಾವಿನ ದಾಖಲೆ ನಾವೇ ತೆಗೆಸುತ್ತೇವೆ. ದಲ್ಲಾಳಿಗಳು ನುಗ್ಗದಿರಲಿ ಅಂತ ಮೇಜಿನ ಸುತ್ತ ಹುರಿಹಗ್ಗ. ಹಗ್ಗದೊಳಗೆ ಅರ್ಜಿದಾರಳೊಬ್ಬಳೇ.

ಜನ ಬಂದರು. ಬೆಂಗಳೂರಿನಿಂದ ಅಧಿಕಾರಿಗಳೂ ಬಂದರು, ಫೋಟೋ ತೆಗೆಸಿಕೊಂಡರು. ಬಿಲ್ಲೆಯನ್ನು ಕೈಯಲ್ಲಿ ತಿರುಗಿಸಿ ನೋಡಿ ಒಬ್ಬರು "ಸಿಂಪಲ್ ಅಂಡ್ ಬ್ರಿಲಿಯಂಟ್" ಅಂದರು. ಆ ಸಂಜೆ ಬಸ್ಸಿನಲ್ಲಿ ನಾನು ಕಿಟಕಿ ಕಡೆ ಮುಖ ಮಾಡಿಕೊಂಡು ಒಬ್ಬಳೇ ನಗುತ್ತಿದ್ದೆ.

ಮೂವತ್ತೇಳನೇ ಬಿಲ್ಲೆ ರೇವಮ್ಮನದು. ತೆಂಗಿನ ಗರಿ ಸೀಳಿ ಕಡ್ಡಿ ಪೊರಕೆ ಕಟ್ಟಿ ಮಾರುತ್ತಿದ್ದವಳು. ಕೈ ನಡುಗಲು ಶುರುವಾಗಿ ಕಡ್ಡಿ ಸೀಳುವಾಗ ಬೆರಳೇ ಸೀಳುತ್ತಿತ್ತು. ಇನ್ನು ಮೈದುನನ ಮನೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲಬೇಕು, ಇಲ್ಲವೇ ಈ ವೇತನ ಬರಬೇಕು. ಪ್ರತಿ ಸಂತೆಗೂ ಬಂದು ಹಗ್ಗದ ಆಚೆಯಿಂದಲೇ ಕೂಗುತ್ತಿದ್ದಳು:

"ಏನವ್ವಾ ಮೇಡಮ್ಮು, ನನ್ ಕಾಗ್ದ ತುಮ್ಕೂರ್ಗೆ ಬಸ್ನಾಗ್ ಹೋಯ್ತಾ, ನಡ್ಕೊಂಡ್ ಹೋಯ್ತಾ?"

"ಬಸ್ಸಲ್ಲೇ ಕಳಿಸಿದ್ದೀವಿ ರೇವಮ್ಮ."

"ಹಂಗಾರೆ ಸೀಟ್ ಸಿಕ್ಕಿಲ್ಲ ಬುಡು. ನಿಂತ್ಕಂಡೇ ಅದೆ!"

ಸುತ್ತಲಿನವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ದೀಪಾವಳಿಯೊಳಗೆ ಬರುತ್ತದೆ ಅಂತ ಮಾತು ಕೊಟ್ಟೆ. "ನಿನ್ ಬಾಯಿಗ್ ಬೆಲ್ಲ ಹಾಕ್ತೀನಿ" ಅಂದಳು.

ಜೂನ್‌ನಲ್ಲಿ ನಲವತ್ತೊಂದು ಅರ್ಜಿಗಳು ವಾಪಸ್ ಬಂದವು, ಎಲ್ಲದರ ಮೇಲೂ "ಅಪೂರ್ಣ" ಅನ್ನುವ ನೇರಳೆ ಮೊಹರು. ಗಂಡನ ಹೆಸರಿನ ಕಾಲಂ ಖಾಲಿ. ಹೆಸರಿಲ್ಲದೆ ಯಾವ ಸಾವಿನ ದಾಖಲೆಯನ್ನು ಯಾರು ಹುಡುಕುತ್ತಾರೆ? ತುಂಬಿಸಿಕೊಳ್ಳದೆ ಬಿಟ್ಟವನು ಷಡಕ್ಷರಿ. ಅವನಿಗೆ ಮೆಮೊ ಕೊಟ್ಟರು, ಒಂದು ವರ್ಷದ ಬಡ್ತಿ ತಡೆದರು. "ಪ್ರಯೋಗ ವಿಫಲ" ಅಂತ ಎರಡೇ ಪದದಲ್ಲಿ ಸಂತೆ ಕಚೇರಿಯನ್ನು ನಿಲ್ಲಿಸಿದರು. ನನ್ನನ್ನು ಇಲ್ಲಿ ಹಳೆಯ ಕಡತಗಳ ಕೋಣೆಗೆ ಹಾಕಿದ್ದಾರೆ. ಒಂದೇ ಕಿಟಕಿ, ಅದೂ ತೆಗೆಯಲು ಬರುವುದಿಲ್ಲ. ಇನ್ನೊಮ್ಮೆ ಸಂತೆಗೆ ಹೋಗಿ ಆ ಹೆಸರುಗಳನ್ನಾದರೂ ಬರೆದುಕೊಂಡು ಬರುತ್ತೇನೆ ಅಂತ ಎರಡು ಸಲ ಅರ್ಜಿ ಕೊಟ್ಟೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ದೊಡ್ಡ ಸಾಹೇಬರು ಕರೆಸಿ, "ಪದ್ಯ ಓದೋರಿಗೆ ಆಡಳಿತ ಯಾಕಮ್ಮ?" ಅಂದರು. ಅದು ತಮಾಷೆಯಂತೆ. ಭಾನುವಾರ ನಾನೇ ಹೋಗಬಹುದಿತ್ತು. ಬರಿಗೈಯಲ್ಲಿ ರೇವಮ್ಮನೆದುರು ಹೇಗೆ ನಿಲ್ಲಲಿ ಅಂತ ಹೋಗಲಿಲ್ಲ.

ಮೇಜು, ಹಗ್ಗ ಯಾವುದೂ ಇಲ್ಲದ ಹೊಂಗೆಮರದ ಕೆಳಗೆ ರೇವಮ್ಮ ಸಂತೆ ಸಂತೆಗೂ ಬಿಲ್ಲೆ ಹಿಡಿದು ಕೂರುತ್ತಾಳೆ ಅಂತ ಆ ದಾರಿಯ ಕಂಡಕ್ಟರ್ ಒಬ್ಬ ಹೇಳಿದ. ದೀಪಾವಳಿ ಬಂದು ಹೋಯಿತು.

ಆಡಳಿತವನ್ನು ಜನರ ಹತ್ತಿರ ಒಯ್ಯುತ್ತೇವೆ ಅಂತ ಹೊರಟ ನಮ್ಮಂಥವರ ಗತಿ ಇಷ್ಟೇ ಏನೋ. ಈಗ ಪದ್ಯದ ಪುಸ್ತಕ ತೆರೆದರೂ ಎರಡು ಪುಟದಾಚೆ ಹೋಗುವುದಿಲ್ಲ. ನಿನ್ನ ಮಗಳಿಗೆ ಪರೀಕ್ಷೆಯಲ್ಲಿ ಒಳ್ಳೆಯದಾಗಲಿ. ಅವಳು ನೌಕರಿಗೆ ಸೇರಿದರೆ ಯಾರ ಅರ್ಜಿಯೂ ಅವಳ ಮೇಜಿನ ಮೇಲೆ ಹಳೆಯದಾಗದಿರಲಿ, ಅಷ್ಟೇ ನನ್ನ ಹಾರೈಕೆ. ಮಂಡಿಗೆ ಬಿಸಿ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ,
ವನಜ

ತಾ.ಕ.: ಇಷ್ಟು ಬರೆದು ಕವರ್ ಅಂಟಿಸಿದ್ದೆ. ಮತ್ತೆ ಬಿಡಿಸಿದ್ದೇನೆ. ಮೇಲೆ ಒಂದು ಸುಳ್ಳಿದೆ ದಾಕ್ಷಾಯಣಿ.

ಷಡಕ್ಷರಿ ಬಿಟ್ಟದ್ದಲ್ಲ. ಗಂಡನ ಹೆಸರು ಕೇಳಿದಾಗ ಆ ಹೆಂಗಸರು ತಲೆ ತಗ್ಗಿಸುತ್ತಿದ್ದರು, ಹಿಂದಕ್ಕೆ ತಿರುಗಿ ಹಗ್ಗದ ಆಚೆ ನೋಡುತ್ತಿದ್ದರು. ಗಂಡ ಸತ್ತು ಇಪ್ಪತ್ತು ವರ್ಷವಾದರೂ ಅವನ ಹೆಸರು ಅವರ ಬಾಯಲ್ಲಿ ಬಾರದು. ಜೊತೆಗೆ ಬಂದವರು ಹೇಳಬೇಕು, ಇವರು ಹೂಂ ಅನ್ನಬೇಕು. ಇದೇನು ನನಗೆ ಗೊತ್ತಿಲ್ಲದ್ದೇ? ನಮ್ಮ ಅಮ್ಮ ರೇಷನ್ ಕಾರ್ಡಿಗೆ ಅಪ್ಪನ ಹೆಸರು ಹೇಳಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ನೀನೂ, ಎಂ.ಎ. ಓದಿದವಳು, ಕಾಗದದಲ್ಲಿ "ಇವರು" ಅಂತಲೇ ಬರೆಯುತ್ತೀಯ.

ಷಡಕ್ಷರಿ ಎರಡು ಸಲ ಕೇಳಿದ: "ಮೇಡಂ, ಜೊತೆಗೆ ಬಂದೋರ್ನ ಒಂದ್ನಿಮಿಷ ಒಳಗ್ ಬಿಡೋಣ." ಒಬ್ಬರನ್ನು ಬಿಟ್ಟರೆ ಹತ್ತು ದಲ್ಲಾಳಿಗಳು ನುಗ್ಗುತ್ತಾರೆ, ಖಾಲಿ ಬಿಡಿ, ಆಮೇಲೆ ನೋಡೋಣ ಅಂದವಳು ನಾನು. ಬೆಂಗಳೂರಿನವರಿಗೆ ಅರ್ಜಿಗಳ ಸಂಖ್ಯೆ ತೋರಿಸುವ ಆತುರದಲ್ಲಿ ಹಾಗೇ ಕಳಿಸಿದವಳೂ ನಾನು. ವಿವರಣೆ ಕೇಳಿದಾಗ "ಗುಮಾಸ್ತರ ನಿರ್ಲಕ್ಷ್ಯ" ಅಂತ ಬರೆದು ಸಹಿ ಹಾಕಿದ್ದೂ ನಾನೇ. ಈಗಲೂ ಅವನು ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಾನೆ.

ಮೇಲೆ ಬರೆಯದೆ ಬಿಟ್ಟದ್ದೂ ಒಂದಿದೆ. ಮೊನ್ನೆ ಗುರುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಶಬ್ದವಾಯಿತು. ಚಪ್ಪಲಿ ಕೈಯಲ್ಲಿ ಹಿಡಿದ ಒಬ್ಬ ಮುದುಕ, ಚಿಕ್ಕಹನುಮಯ್ಯ ಅಂತ, ರೇವಮ್ಮನ ಪಕ್ಕದ ಮನೆಯವನಂತೆ. ಮುಖ ನೋಡಿದ ತಕ್ಷಣ ಗುರುತು ಹತ್ತಿತು. ಅವಳ ಜೊತೆ ಮೊದಲ ದಿನ ಬಂದವನು. ಹಿಂದೆ ನಿಲ್ಲಿ ಅಂತ ನಾನೇ ಗದರಿದ್ದೆ. ಒಳಗೆ ಬನ್ನಿ ಅಂದೆ, ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು ಟವೆಲಿನ ಗಂಟು ಬಿಚ್ಚಿ ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟ. ಮೂವತ್ತೇಳು.

"ವಾಪಸ್ ಕೊಟ್ಬುಡು, ಇನ್ನೊಬ್ರಿಗೆ ಬೇಕಾಯ್ತದೆ ಅಂದ್ಲು ಕಣವ್ವ, ಸಾಯೋ ಹಿಂದಿನ್ ದಿನ. ಅವ್ಳ್ ಗಂಡ ಬೆಟ್ಟಯ್ಯ, ನನ್ ಓರಗೆಯೋನು. ನನ್ನ ಒಂದ್ ಮಾತ್ ಕೇಳಿದ್ರೆ ಹೇಳ್ತಿದ್ನಲ್ಲವ್ವ, ಹಗ್ಗದ್ ಆಚೆ ಅಲ್ಲೇ ನಿಂತಿದ್ನಲ್ಲ."