ಬಾತುಕೋಳಿಯ ವಿರುದ್ಧ ಅರ್ಜಿ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
೧೨ ಮಾರ್ಚ್ ೨೦೦೦

ಆತ್ಮೀಯ ಅಪ್ಪಾಸಾಹೇಬರಿಗೆ, ವಿರುಪಾಕ್ಷಪ್ಪನ ಶರಣು.

ಸಂಕ್ರಾಂತಿಗೆ ನೀವು ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ವಿಳಂಬವನ್ನು ಮನ್ನಿಸಬೇಕು. ನನ್ನ ದೇಹಸ್ಥಿತಿ ನೆಟ್ಟಗಿದೆ. ಮಗಳು ಮಾಧುರಿ, ಅಳಿಯ ಶಶಿಧರ ಇಬ್ಬರೂ ಆಫೀಸಿಗೆ ಹೋಗುತ್ತಾರೆ; ಏಳು ವರ್ಷದ ಮೊಮ್ಮಗಳು ನೀಲಾಳನ್ನು ಶಾಲೆಯಿಂದ ಕರೆತರುವುದು ನನ್ನ ಕೆಲಸವಾಗಿತ್ತು. ಸದ್ಯ ಆ ಕೆಲಸವಿಲ್ಲ. ಕಾರಣವನ್ನು ಕ್ರಮವಾಗಿ ನಿವೇದಿಸುತ್ತೇನೆ.

ಮಳೆ ಬಂದ ದಿನ ಶಾಲೆಯಲ್ಲಿ ಮಕ್ಕಳನ್ನು ಟಿವಿಯ ಮುಂದೆ ಕೂರಿಸಿ ಕಾರ್ಟೂನ್ ತೋರಿಸುತ್ತಾರೆ. ಅದರಲ್ಲೊಂದು ಬಾತುಕೋಳಿ ನರಿಯ ತಲೆಗೆ ಬಾಣಲೆಯಿಂದ ಹೊಡೆಯುತ್ತದೆ. ನರಿ ರೊಟ್ಟಿಯಂತೆ ಚಪ್ಪಟೆಯಾಗಿ, ಮರುಗಳಿಗೆಯಲ್ಲೇ ಎದ್ದು ಓಡುತ್ತದೆ. ಜನವರಿಯಲ್ಲಿ ನೀಲಾ ಊಟದ ಡಬ್ಬಿಯಿಂದ ಗೆಳತಿಯೊಬ್ಬಳ ಹಣೆಗೆ ಹೊಡೆದು, ಅವಳು ಚಪ್ಪಟೆಯಾಗಲಿಲ್ಲವೆಂದು ನಕ್ಕಳು. ಹಣೆ ಊದಿತು. ಸಂಜೆಯ ಹೊತ್ತಿಗೆ ಇಬ್ಬರೂ ಕೂಡಿ ಆಡುತ್ತಿದ್ದರು.

ಇಂಥ ಚಿತ್ರಗಳನ್ನು ನಿಷೇಧಿಸಬೇಕೆಂದು ನಾನು ಹೇಳಿದಾಗ ಅಳಿಯ ನಕ್ಕ.

"ಮಾವ, ಸೆನ್ಸಾರ್ ಅಂದ್ರೆ ಇಲ್ಲಿ ಜನ ಮೈಮೇಲೇ ಬರ್ತಾರೆ. ಬೇಡ ಅನ್ಸಿದ್ರೆ ಟಿವಿ ಆಫ್ ಮಾಡೋದಪ್ಪ."

"ಸಾಲ್ಯಾಗಿನ ಟಿವಿ ನಿಮ್ಮ ಮನಿ ರಿಮೋಟಿಗೆ ಬಂದ್ ಆಗ್ತದೇನು?" ಎಂದೆ.

ಗದಗದ ತಹಶೀಲ್ದಾರ್ ಕಚೇರಿಯ ಎದುರು, ನಿಮ್ಮ ಪಕ್ಕದ ಮೇಜಿನಲ್ಲಿ, ಆಯುಷ್ಯವೆಲ್ಲ ಅರ್ಜಿ ಬರೆದವನು ನಾನು. ಪ್ರಿನ್ಸಿಪಾಲರಿಗೆ ಇಂಗ್ಲಿಷಿನಲ್ಲಿ ಸ್ವತಃ ಬರೆದು ಸಲ್ಲಿಸಿದೆ. ನಮ್ಮ ಪದ್ಧತಿ ನಿಮಗೆ ತಿಳಿದದ್ದೇ: ಒಂದು ಓಣಿಯ ನಳ ಕೆಟ್ಟರೆ ಊರಿಗೆ ಊರೇ ನೀರಿಲ್ಲದೆ ಸಾಯುತ್ತಿದೆ ಎಂದು ಬರೆಯುತ್ತಿದ್ದೆವು, ತಹಶೀಲ್ದಾರ್ ಸಾಹೇಬರು ಅದನ್ನು ಇಳಿಸಿಕೊಂಡು ಓದುತ್ತಿದ್ದರು. ಅದರಂತೆ, ಸದರಿ ಕಾರ್ಟೂನಿನ ದೆಸೆಯಿಂದ ನನ್ನ ಮೊಮ್ಮಗಳು ಹಿಂಸಾಪ್ರವೃತ್ತಿಯವಳಾಗಿ, ಸಹಪಾಠಿಗಳ ಜೀವಕ್ಕೆ ಅಪಾಯ ಒದಗಿದೆ ಎಂದು ನಮೂದಿಸಿದೆ.

ಕಳೆದ ವರ್ಷ ಕೊಲರಾಡೊದ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳೇ ಗುಂಡು ಹಾರಿಸಿದ ಮೇಲೆ ಇಲ್ಲಿ ಇಂಥದನ್ನು ಯಾರೂ ಇಳಿಸಿಕೊಂಡು ಓದುವುದಿಲ್ಲ. ಮನಶ್ಶಾಸ್ತ್ರಜ್ಞರು ಪರೀಕ್ಷಿಸುವವರೆಗೆ ನೀಲಾ ಶಾಲೆಗೆ ಬರಕೂಡದೆಂದು ಶಾಲೆಯವರು ತಿಳಿಸಿದರು.

"ಅಪ್ಪಾ, ಕಾರ್ಟೂನ್ ಬ್ಯಾನ್ ಆಗ್ಲಿಲ್ಲ. ನನ್ನ ಮಗಳು ಬ್ಯಾನ್ ಆದ್ಳು," ಎಂದಳು ಮಾಧುರಿ. ಅನಂತರ ನನ್ನೊಡನೆ ಊಟಕ್ಕೆ ಕೂರಲಿಲ್ಲ.

ಪ್ರಿನ್ಸಿಪಾಲರನ್ನು ಕಂಡು, ಅದು ಬರವಣಿಗೆಯ ರೀತಿ, ಅಕ್ಷರಶಃ ಗ್ರಹಿಸತಕ್ಕದ್ದಲ್ಲ ಎಂದು ವಿವರಿಸಿದೆ. ಆಕೆ ಸೌಜನ್ಯದಿಂದಲೇ, "ಹಾಗಾದರೆ ಇದರಲ್ಲಿ ಯಾವ ವಾಕ್ಯವನ್ನು ನಂಬಲಿ?" ಎಂದು ಕೇಳಿದರು.

ಅರ್ಜಿಯನ್ನು ಹಿಂಪಡೆದಿದ್ದೇನೆ. ಆದರೂ ಮನಶ್ಶಾಸ್ತ್ರಜ್ಞರ ಪರೀಕ್ಷೆ ಬರುವ ಶುಕ್ರವಾರ ಇದೆ. ಆ ಕಾರ್ಟೂನ್ ಮಕ್ಕಳಿಗೆ ತಕ್ಕುದಲ್ಲವೆಂಬ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ. ಶಾಲೆಯಲ್ಲಿ ಅದು ಈಗಲೂ ನಡೆಯುತ್ತಿದೆಯಂತೆ.

ನಿಮ್ಮ ಮನೆಯ ಮಕ್ಕಳೆಲ್ಲ ಆಯುರಾರೋಗ್ಯದಿಂದಿರಲಿ, ನಗುನಗುತ್ತ ಶಾಲೆಗೆ ಹೋಗಿಬರಲಿ ಎಂದು ಹರಸುವ,

ನಿಮ್ಮ ವಿಶ್ವಾಸಿ,
ವಿರುಪಾಕ್ಷಪ್ಪ

ತಾ.ಕ.: ಅರ್ಜಿಯಲ್ಲಿ ನಾನು ಬರೆದದ್ದನ್ನು ನೀಲಾಳಿಗೆ ಯಾರು ಹೇಳಿದರೋ ತಿಳಿಯದು. ನಿನ್ನೆ ಅವಳು, "ಅಜ್ಜಾ, ನನ್ನ ಕಂಡ್ರೆ ನೀನು ಸ್ಕೇರ್ಡಾ?" ಎಂದು ಕೇಳಿದಳು. ಇಲ್ಲವೆಂದೆ. ಆದರೂ ಈಗ ನನ್ನ ಪಕ್ಕದಲ್ಲಿ ಕೂರುವಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುತ್ತಾಳೆ.