ಸರ್ವಾನುಮತ ಎಂದು ಬರೆದವನು ನಾನೇ

ಪಕ್ಷದ ಮಾನ್ಯ ಜಿಲ್ಲಾಧ್ಯಕ್ಷರೇ,

ಕಳೆದ ತಿಂಗಳು ತಾವು ನನ್ನನ್ನು ಏಳನೆಯ ಬಾರಿಗೆ ಮೊಳಕಾಲ್ಮೂರು ತಾಲ್ಲೂಕು ಅಧ್ಯಕ್ಷನನ್ನಾಗಿ ಘೋಷಿಸಿದಿರಿ. ಆ ಆಯ್ಕೆಯನ್ನು ರದ್ದು ಮಾಡಿ ಎಂದು ಕೇಳಲು ಈ ಪತ್ರ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಗುಟ್ಟಾಗಿ ಬರೆದ ಪತ್ರಗಳು ನಮ್ಮ ಕಚೇರಿಗಳಲ್ಲಿ ಏನಾಗುತ್ತವೆಂದು ಹದಿನೆಂಟು ವರ್ಷ ಅಧ್ಯಕ್ಷನಾಗಿದ್ದ ನನಗಿಂತ ಚೆನ್ನಾಗಿ ಬಲ್ಲವರು ಯಾರು?

ವನಜಾಕ್ಷಿ ಎಂಬ ಕಾರ್ಯಕರ್ತೆ ತಮಗೆ ನೆನಪಿರಬಹುದು. ಮನೆಯಲ್ಲೇ ರೇಷ್ಮೆ ಸೀರೆ ನೇಯುವವರು. ಸಿದ್ದಾಪುರದಿಂದ ಬಿ.ಜಿ. ಕೆರೆಯವರೆಗೆ ಮನೆಮನೆ ಸುತ್ತಿ ಸದಸ್ಯರನ್ನು ಸೇರಿಸಿದವರು ಅವರು. ವೇದಿಕೆಯಲ್ಲಿ ಕೂತವನು ನಾನು. ತಾಲ್ಲೂಕು ಅಧ್ಯಕ್ಷರ ಚುನಾವಣೆಗೆ ಹತ್ತು ದಿನ ಮುಂಚೆ ಬಂದು, "ಅಣ್ಣಾ, ಈ ಸಲ ನಾನು ನಿಲ್ತೀನಿ. ನಿಮಗೆ ಮೊದ್ಲೇ ಹೇಳ್ಬೇಕು ಅನಿಸ್ತು" ಎಂದರು. ಆಗಲಿ ತಂಗಿ ಎಂದೆ. ಅವರು ಬೀದಿಯ ತಿರುವು ದಾಟುವ ಮೊದಲೇ ತಮಗೆ ಫೋನ್ ಮಾಡಿದೆ.

"ಮೀಟಿಂಗ್ ಚಳ್ಳಕೆರೆಗೆ ಹಾಕ್ಕೊ ಯರ್ರಪ್ಪ. ಎಲ್ರಿಗೂ ಹೇಳ್ಬೇಕು ಅಂತೇನಿಲ್ಲ" ಎಂದಿರಿ. ಎಂಥ ದೂರದೃಷ್ಟಿ! ಒಂದು ತಾಲ್ಲೂಕಿನ ಪ್ರಜಾಪ್ರಭುತ್ವವನ್ನು ಪಕ್ಕದ ತಾಲ್ಲೂಕಿಗೆ ಸಾಗಿಸಿ ಕಾಪಾಡಿದೆವು.

ಚುನಾವಣೆಯ ದಿನ ವನಜಾಕ್ಷಿ ನಲವತ್ತು ಹೆಂಗಸರೊಂದಿಗೆ ಮೊಳಕಾಲ್ಮೂರಿನ ಕಚೇರಿಗೆ ಬಂದರು. ನನಗೆ ಫೋನ್ ಬಂತು. "ಅಣ್ಣಾ, ಬೀಗ ಹಾಕೈತೆ. ಎಲ್ಲಿದ್ದೀರಿ?"

"ದಾರೀಲಿದೀನಿ ತಂಗಿ. ಅಲ್ಲೇ ಕೂತ್ಕೊಂಡಿರು."

ಫೋನ್ ಇಟ್ಟೆ. ಚಳ್ಳಕೆರೆಯ ಸಭೆಯಲ್ಲಿ ತಾವು ನನಗೆ ಹಾರ ಹಾಕಿದಿರಿ. ನಡಾವಳಿಯಲ್ಲಿ 'ಸರ್ವಾನುಮತ' ಎಂದು ನಾನೇ ನನ್ನ ಕೈಯಾರೆ ಬರೆದೆ. ಆ ಹೆಂಗಸರು ಮಧ್ಯಾಹ್ನ ಮೂರರವರೆಗೆ ಬಿಸಿಲಲ್ಲಿ, ಬೀಗ ಹಾಕಿದ ಬಾಗಿಲ ಮುಂದೆ ಕೂತಿದ್ದರು.

ಮರುದಿನ ವನಜಾಕ್ಷಿಯವರ ಮನೆಗೆ ಹೋದೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದವರು ಲಾಳಿ ನಿಲ್ಲಿಸಲಿಲ್ಲ. ನಾನು ತಪ್ಪಾಯಿತು ಎನ್ನಲು ಬಂದಿದ್ದೆ; ಬಾಯಿಗೆ ಬಂದದ್ದು ಜಿಲ್ಲೆಯವರ ಒತ್ತಡ ಎಂಬ ನೆಪ.

"ನಿಲ್ಲಾಕೆ ಬಿಟ್ಟು ಸೋಲಿಸಿದ್ರೆ ನಾನೇ ನಿಮಗೆ ಹಾರ ಹಾಕ್ತಿದ್ದೆ ಅಣ್ಣಾ" ಎಂದರು. "ಬರಲ್ಲ ಅಂತ ಗೊತ್ತಿದ್ದೂ ಕೂತ್ಕೊ ಅಂದ್ರಲ್ಲ."

"ಪಕ್ಷ ಬಿಡ್ತೀಯಾ ತಂಗಿ?"

"ನಾನ್ಯಾಕ್ ಬಿಡ್ಲಿ? ಅದು ನಿಮ್ಮೊಬ್ರದಾ?"

ಅಂದಿನಿಂದ ಆ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ. ಮಾನ್ಯರೇ, ವಿರೋಧ ಪಕ್ಷದವರ ವಂಶಾಡಳಿತದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು ನಮ್ಮ ಕುರ್ಚಿಯಿಂದ ಎದ್ದದ್ದು ಯಾವಾಗ? ಹೊಸಬರಿಗೆ ಅನುಭವ ಸಾಲದು ಎನ್ನುತ್ತೇವೆ. ಅನುಭವ ಪಡೆಯುವ ಜಾಗದಲ್ಲಿ ನಾವೇ ಕೂತಿದ್ದೇವೆ. ತಮ್ಮನ್ನು ದೂರುವ ಯೋಗ್ಯತೆ ನನಗಿಲ್ಲ. ತಾವು ಹೇಳಿದ್ದು ಒಂದೇ ಮಾತು. ವನಜಾಕ್ಷಿಯವರಿಗೆ ಸುಳ್ಳು ಹೇಳಿದ ದನಿ ನನ್ನದು.

ನನ್ನ ರಾಜೀನಾಮೆಯನ್ನು ಸ್ವೀಕರಿಸಿ. ಮೊಳಕಾಲ್ಮೂರಿನಲ್ಲೇ, ಪ್ರತಿ ಸದಸ್ಯರಿಗೂ ಲಿಖಿತ ನೋಟಿಸ್ ಕೊಟ್ಟು, ಗುಪ್ತ ಮತದಾನ ನಡೆಸಿ. ಎರಡು ಅವಧಿ ಮುಗಿಸಿದವರು ಸ್ಪರ್ಧಿಸಬಾರದೆಂದು ನಿಯಮ ಮಾಡಿ. ಅದು ತಮ್ಮ ಹುದ್ದೆಗೂ ಅನ್ವಯಿಸಲಿ. ಅಂದು ನಾನು ಸಾಲಿನಲ್ಲಿ ನಿಂತು ಮತ ಹಾಕುತ್ತೇನೆ. ಯಾರಿಗೆಂದು ತಮಗೂ ಹೇಳುವುದಿಲ್ಲ.

ಇಂತಿ,
ಒಂದು ಮತವೂ ಬೀಳದೆ ಗೆದ್ದ,
ಯರ್ರಪ್ಪ
ಮೊಳಕಾಲ್ಮೂರು