ಕೂದಲೆಳೆಯಂಥ ನಳಿಕೆ

ಗುಬ್ಬಿ
11-7-1999

ಪ್ರೀತಿಯ ಮಗಳು ನಿಶಾತ್‌ಗೆ,

ಅಸ್ಸಲಾಮು ಅಲೈಕುಂ. ಹೈದರಾಬಾದಿನಿಂದ ನೀನು ಬರೆದ ಕಾಗದ ಬಂದು ವಾರದ ಮೇಲಾಯಿತು. ಕೋಪದಲ್ಲಿ ಬರೆಯಬಾರದೆಂದು ತಡೆದೆ. ಕೋಪ ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಡಿಲೇಗೆ ಎಕ್ಸ್‌ಕ್ಯೂಸ್ ಮಾಡು.

ಮಂಡಿನೋವು ಹಾಗೇ ಇದೆ. ದಾಳಿಂಬೆ ಕಾಯಿ ಬಿಟ್ಟಿದೆ, ನನಗಿಂತ ಮೊದಲು ಅಳಿಲು ರುಚಿ ನೋಡುತ್ತಿದೆ.

ಲ್ಯಾಬ್ ಬಿಟ್ಟು ಬಂದು ಕುಣಿಗಲ್ ಸಂಬಂಧಕ್ಕೆ ಒಪ್ಪುತ್ತೀಯಂತೆ. ನಿನ್ನ ಮದುವೆ ಆಗಿಬಿಡಲಿ ಅನ್ನುವುದೇ ಅಮ್ಮಿಯ ಕೊನೆ ಮಾತು ಅಂತ ಖಾಲಾ ಹೇಳಿದಳಂತೆ. ಎರಡು ವರ್ಷ ಕೂತು ಜೋಡಿಸಿದ, ಬೆರೆತದ್ದನ್ನು ಬೇರೆ ಮಾಡುವ ಸೆಟಪ್ಪು ಇನ್ನೇನು ಓಡುವ ಹೊತ್ತಿಗೆ! ಕೂದಲೆಳೆಯಂಥ ಗಾಜಿನ ನಳಿಕೆಗೆ ಪುಡಿ ತುಂಬಬೇಕು, ಪಂಪಿನ ಒತ್ತಡ ಮೆಲ್ಲಗೆ ಇಳಿಸಬೇಕು, ಆತುರಪಟ್ಟರೆ ಒಳಗೆ ಬಿರುಕು, ಜಾಯಿಂಟಿನಲ್ಲಿ ಧೂಳಿನಷ್ಟು ಸಂದು ಉಳಿದರೂ ಬೇರೆಯಾದದ್ದು ಮತ್ತೆ ಬೆರೆತುಹೋಗುತ್ತದೆ ಅಂತ ನೀನೇ ಬರೆದಿದ್ದೆ. ನನ್ನ ಬಿ.ಎಸ್ಸಿ. ಕ್ರೊಮ್ಯಾಟೋಗ್ರಫಿಯೆಲ್ಲ ಬ್ಲಾಟಿಂಗ್ ಪೇಪರಿನ ಮೇಲೆ ಶಾಯಿ ಬಿಟ್ಟದ್ದು. ಹರಿಯುವುದು ಮೊಬೈಲ್ ಫೇಸ್ ಅಂತ ನೆನಪಿದೆ, ಹರಿಯದೆ ನಿಲ್ಲುವ ಅದರ ಜೋಡಿಯ ಹೆಸರು ಮರೆತೆ. ಇರಲಿ.

ಶುಕ್ರವಾರ ಅಮ್ಮಿಯ ತಂಗಿ, ನಿನ್ನ ಖಾಲಾ ಖಮರುನ್ನೀಸಾ ಬಂದು ಕುಣಿಗಲ್‌ನವರ ಮಿಠಾಯಿ ಡಬ್ಬಿ ಮುಂದಿಟ್ಟಳು.

"ದೂಲಾಭಾಯಿ, ಬಾಯಿ ಸಿಹಿ ಮಾಡ್ಕೊಳಿ. ಮಾತು ಪಕ್ಕಾ ಆಯ್ತು."

"ಯಾರನ್ನ ಕೇಳ್ಕೊಂಡು?"

"ಸತ್ತೋರ ಮಾತು ಕಣ್ರೀ, ನಡೆಸ್ಬೇಕು. ಕೂದ್ಲಂಥ ಪೈಪಲ್ಲಿ ನೀರು ಬಿಟ್ಕೊಂಡು ಇನ್ನೆಷ್ಟು ವರ್ಷ ಕೂತಿರ್ತಾಳೆ ಅವ್ಳು?"

"ನಿನ್ ಬಾಯಿಗಿಂತ ಆ ಪೈಪೇ ವಾಸಿ ಕಣಮ್ಮ. ಅದ್ರಲ್ಲಿ ಒಂದೊಂದೂ ಬೇರೆಬೇರೆಯಾಗಿ ಬರುತ್ತೆ. ನಿನ್ ಬಾಯಲ್ಲಿ ಸುಳ್ಳು-ನಿಜ ಎಲ್ಲ ಒಟ್ಟಿಗೇ ಬರುತ್ತೆ."

ಡಬ್ಬಿಯನ್ನು ಅವಳ ಕೈಗೇ ಕೊಟ್ಟು ಬಸ್ಸು ಹತ್ತಿಸಿದೆ. ಈ ಸಂಬಂಧ ಆಗುವುದಿಲ್ಲ ಎಂದು ಕುಣಿಗಲ್‌ನವರಿಗೆ "ವಿತ್ ಡ್ಯೂ ರಿಗಾರ್ಡ್ಸ್" ಬರೆದು ಹಾಕಿದೆ. ಮಸೀದಿ ಮುಂದೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಸಲಾಂ ಹೇಳಿಯೇ ದಾಟುತ್ತೇನೆ.

ನೀನು ಬರಬೇಡ. ಬಂದರೆ ಬಾಗಿಲು ತೆಗೆಯುತ್ತೇನೆ, ಹೊಟ್ಟೆತುಂಬ ಊಟ ಹಾಕುತ್ತೇನೆ, ಮಾರನೇ ದಿನ ರೈಲು ಹತ್ತಿಸುತ್ತೇನೆ. ಮದುವೆ ಬೇಕೆನಿಸಿದರೆ ಅದು ನಿನ್ನ ಬಾಯಿಂದ ಬರಲಿ, ಸತ್ತವರ ಹೆಸರಲ್ಲಿ ಬೇಡ.

ಪಂಪು ತಿರುಗಿಸುವಾಗ ನಿನ್ನ ಕೈ ನಡುಗದಂತೆ ಅಲ್ಲಾಹ್ ಕಾಯಲಿ.

ನಿನ್ನ ಅಬ್ಬಾ,
ಅಜ್ಮತುಲ್ಲಾ

ತಾ.ಕ.: ಅಮ್ಮಿಯ ಕೊನೆ ಮಾತು ಅಂತ ಒಂದಿಲ್ಲ, ಮಗಳೇ. ಲಕ್ವ ಹೊಡೆದ ಮೇಲೆ ಅವಳ ನಾಲಿಗೆ ಹೊರಳಲೇ ಇಲ್ಲ. ಖಾಲಾ ಬಂದದ್ದು ಮಯ್ಯತ್ ಎತ್ತಿ ಖಬರಸ್ತಾನಕ್ಕೆ ಹೊರಡುವ ಹೊತ್ತಿಗೆ. ಕೊನೆ ಗಳಿಗೆಯಲ್ಲಿ ಅಮ್ಮಿಯ ಪಕ್ಕದಲ್ಲಿ ಇದ್ದವನು ನಾನೊಬ್ಬನೇ. ಅವಳ ಬಾಯಿಗೆ ಕಿವಿ ಕೊಟ್ಟು ಕಾದೆ. ನನಗೂ ಏನೂ ಹೇಳಲಿಲ್ಲ.